ಟಿಪ್ಪಣಿ ಬರೆದವರು ಕಲಾವಿದರು, ಕೋಲು ಬಗ್ಗಿಸಿದವರು ಕೂಲಿಗಳು

‘ಬರೆಯುವುದೂ ಒಂದು ಮಾಡುವಿಕೆಯೇ’ ಎಂಬ ಮಾತನ್ನು ಕಳೆದ ನಾಲ್ಕೈದು ವರ್ಷಗಳಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ವಿಚಾರಸಂಕಿರಣಗಳಲ್ಲಿ ಕೇಳಿದ್ದೇನೆ, ಕಲಾಪ್ರದರ್ಶನಗಳ ಉದ್ಘಾಟನೆಯಲ್ಲಿ ಕೇಳಿದ್ದೇನೆ, ಕ್ಯಾಂಟೀನಿನಲ್ಲಿ ಚಹಾ ಹೀರುತ್ತಾ ನಾನೇ ಹೇಳಿದ್ದೇನೆ. ಕೇಳಲು ಸೊಗಸಾಗಿದೆ. ಬರೆಯುವವರಿಗೆ ಕೈಕೆಲಸದ ಮರ್ಯಾದೆ ಸಿಗುತ್ತದೆ, ಅದೂ ಅಂಗೈಯಲ್ಲಿ ಒಂದು ಬೊಬ್ಬೆಯೂ ಏಳದೆ. ಈ ಲೇಖನ ಆ ಮಾತಿನ ವಿರುದ್ಧ. ಮಾತೇ ಸುಳ್ಳು ಎಂದು ನನ್ನ ವಾದವಲ್ಲ. ಅದನ್ನು ಯಾರು, ಎಲ್ಲಿ ನಿಂತು, ಯಾರ ಕೆಲಸವನ್ನು ಎದುರಿಗಿಟ್ಟುಕೊಂಡು ಹೇಳುತ್ತಾರೆ ಎಂಬುದರ ಬಗ್ಗೆ ನನ್ನ ತಕರಾರು.

ಮೊದಲು ನನ್ನ ತಪ್ಪಿನಿಂದಲೇ ಶುರುಮಾಡುತ್ತೇನೆ. ಚಾಮರಾಜನಗರ ಜಿಲ್ಲೆಯ ಕೈಕಸುಬುಗಳ ಮೇಲೆ ನಾನು ಪಿಎಚ್‌ಡಿ ಮಾಡುತ್ತಿದ್ದೇನೆ. ಹಾಗಾಗಿ ವರ್ಷದಲ್ಲಿ ಕೆಲವು ತಿಂಗಳು ಬಿಳಿಗಿರಿರಂಗನ ಬೆಟ್ಟ, ಹನೂರು, ಯಳಂದೂರು ಎಂದು ಬಸ್ಸು ಬದಲಿಸುತ್ತಾ ಓಡಾಡುತ್ತೇನೆ. ಎರಡು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಗ್ಯಾಲರಿಯವರು ಲಂಟಾನದ ಕೆಲವು ಕೃತಿಗಳನ್ನು ಪ್ರದರ್ಶನಕ್ಕಿಟ್ಟರು. ಎರಡು ಕುರ್ಚಿ, ಒಂದು ದೊಡ್ಡ ಬುಟ್ಟಿ, ಆಳೆತ್ತರದ ಒಂದು ಜಿಂಕೆ. ಗೋಡೆಗೆ ಅಂಟಿಸಲು ನೂರೈವತ್ತು ಪದಗಳ ಟಿಪ್ಪಣಿ ಬೇಕೆಂದು ನನ್ನನ್ನು ಕೇಳಿದರು. ಹಾಸ್ಟೆಲಿನಲ್ಲಿ ಕೂತು ಒಂದು ಸಂಜೆಯಲ್ಲಿ ಬರೆದುಕೊಟ್ಟೆ. ‘ಸಹಬಾಳ್ವೆ’ ಇತ್ತು, ‘ಆಕ್ರಮಣಕಾರಿ ಸಸ್ಯದ ಪುನರ್‌ವ್ಯಾಖ್ಯಾನ’ ಇತ್ತು, ‘ಕೈಗಳ ಮೌನಜ್ಞಾನ’ ಇತ್ತು. ಕೃತಿಯ ಪಕ್ಕದ ಚೀಟಿಯಲ್ಲಿ ಕಲಾವಿದರು ಎಂಬ ಜಾಗದಲ್ಲಿ ರೇಖಾಚಿತ್ರ ಬರೆದುಕೊಟ್ಟ ನಗರದ ವಿನ್ಯಾಸಕಾರರ ಹೆಸರಿತ್ತು. ಟಿಪ್ಪಣಿಯ ಕೆಳಗೆ ನನ್ನ ಹೆಸರಿತ್ತು. ಮಾಡಿದವರಿಗೆ ಎರಡು ಪದ: ‘ಸೋಲಿಗ ಕುಶಲಕರ್ಮಿಗಳು’. ನನಗೆ ಸಿಕ್ಕ ಹಣ ಆ ಕುರ್ಚಿಗಳನ್ನು ಮಾಡಿದವರ ಎಂಟು ದಿನಗಳ ಕೂಲಿಗೆ ಸಮ ಎಂದು ಆಮೇಲೆ ಲೆಕ್ಕ ಹಾಕಿದೆ.

ಟಿಪ್ಪಣಿಯ ಒಂದು ಪ್ರತಿಯನ್ನು ಹಿಡಿದುಕೊಂಡು ಹನೂರು ಕಡೆಯ ಆ ಪೋಡಿಗೆ ಹೋದೆ. ನನಗೆ ಹೆಮ್ಮೆಯೇ ಇತ್ತು ಎಂದು ಒಪ್ಪಿಕೊಳ್ಳಬೇಕು. ಕುರ್ಚಿಗಳಲ್ಲಿ ಒಂದನ್ನು ಮಾಡಿದ್ದ ಹಿರಿಯ ಹೆಂಗಸಿನ ಜಗಲಿಯಲ್ಲಿ ಕೂತು ಜೋರಾಗಿ ಓದಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ, “ಚೆನ್ನಾಗದ ಮಗಾ. ಆದ್ರ ಇದ್ರೊಳ್ಗ ನೀರ್ ಕಾಯ್ಸದು ಎಲ್ಲದ?” ಎಂದರು.

ಅದು ವ್ಯಂಗ್ಯವಲ್ಲ, ನಿಜವಾದ ಪ್ರಶ್ನೆ. ಲಂಟಾನದ ಕೆಲಸ ಎಂದರೆ ಮುಕ್ಕಾಲು ಪಾಲು ನೀರು ಕಾಯಿಸುವುದೇ. ಕಾಡಿನಿಂದ ಕಡಿದು ತಂದ ಕೋಲನ್ನು ಹಾಗೆಯೇ ಬಗ್ಗಿಸಲಾಗದು. ಮೊದಲು ದಪ್ಪ ನೋಡಿ ಆರಿಸಬೇಕು. ತೀರ ಎಳೆಯದು ಒಣಗಿದ ಮೇಲೆ ಸುಕ್ಕುಗಟ್ಟುತ್ತದೆ, ತೀರ ಬಲಿತದ್ದು ಮಾತೇ ಕೇಳುವುದಿಲ್ಲ. ಉದ್ದನೆಯ ತೊಟ್ಟಿಯಲ್ಲೋ ಡ್ರಮ್ಮಿನಲ್ಲೋ ನೀರು ಕುದಿಸಿ ಕೋಲುಗಳನ್ನು ಗಂಟೆಗಟ್ಟಲೆ ಬೇಯಿಸಬೇಕು. ಬೆಂದ ಕೋಲಿನ ಸಿಪ್ಪೆಯನ್ನು ಬಿಸಿಯಿರುವಾಗಲೇ ಸುಲಿಯಬೇಕು. ಆರಿತೋ, ಸಿಪ್ಪೆ ಮತ್ತೆ ಕಚ್ಚಿಕೊಳ್ಳುತ್ತದೆ. ಬಗ್ಗಿಸುವುದೂ ಬಿಸಿಯಿರುವಾಗಲೇ. ಅಷ್ಟಕ್ಕೆಲ್ಲ ಸೌದೆ ಬೇಕು, ನೀರು ಬೇಕು. ಬೇಸಿಗೆಯಲ್ಲಿ ಕುಡಿಯುವುದಕ್ಕೇ ನೀರು ಹೊತ್ತು ತರುವ ಪೋಡಿನಲ್ಲಿ ಡ್ರಮ್ಮು ತುಂಬಿಸುವುದು ಎಂದರೆ ಏನು ಎಂದು ‘ಸಹಬಾಳ್ವೆ’ ಎಂದು ಬರೆದ ನನಗೆ ಹೊಳೆದೇ ಇರಲಿಲ್ಲ.

ಆ ಸಲ ಹೋದವ ಹನ್ನೊಂದು ದಿನ ಉಳಿದೆ. ಒಂದು ಸ್ಟೂಲು ಮಾಡುವುದು ನನ್ನ ಗುರಿ. ಕೋಲಿಗೆ ಗಿಣ್ಣಿದೆ, ಗಿಣ್ಣಿನ ಹತ್ತಿರ ಬಗ್ಗಿಸಿದರೆ ಸೀಳುತ್ತದೆ ಎಂದು ಮೊದಲ ದಿನವೇ ಹೇಳಿದ್ದರು. ಬರೆದುಕೊಂಡೂ ಇದ್ದೆ. ಆದರೂ ಮೂರನೆಯ ದಿನದವರೆಗೆ ಸೀಳಿದ ಕೋಲುಗಳನ್ನು ಒಲೆಗೆ ಹಾಕುತ್ತಿದ್ದೆ. ಟಿಪ್ಪಣಿ ಪುಸ್ತಕದಲ್ಲಿ ‘ಗಿಣ್ಣು ತಪ್ಪಿಸಿ’ ಎಂಬುದಕ್ಕೆ ಅಡ್ಡಗೆರೆ ಎಳೆದದ್ದಷ್ಟೇ ನನ್ನ ಪಾಂಡಿತ್ಯ. ಇನ್ನು ‘ಮೌನಜ್ಞಾನ’ದ ಮಾತು. ಆ ಹನ್ನೊಂದು ದಿನಗಳಲ್ಲಿ ಅಲ್ಲಿ ಯಾರೂ ಮೌನವಾಗಿದ್ದದ್ದನ್ನು ನಾನು ಕಾಣೆ. ಕೆಲಸ ಮಾಡುತ್ತಲೇ ಬೈಯುತ್ತಾರೆ, ತಿದ್ದುತ್ತಾರೆ, ಪಕ್ಕದವರ ಕೋಲು ನೋಡಿ ನಗುತ್ತಾರೆ, ಆನೆ ಎಲ್ಲಿ ಇಳಿದಿದೆ ಎಂದು ಮಾತಾಡುತ್ತಾರೆ, ಕೋಲಿನ ಗುಣಕ್ಕೆ ಹತ್ತು ಮಾತು ಬಳಸುತ್ತಾರೆ. ಅವರ ಮಾತು ನನಗೆ ಕೇಳಿಸಲಿಲ್ಲ ಎಂಬುದನ್ನು ‘ಅವರು ಮೌನಿಗಳು’ ಎಂದು ಬರೆದಿದ್ದೆ. ಕಲಾಬರಹದಲ್ಲಿ ಈ ಪದ ಎಲ್ಲಿ ಬಂದರೂ ಬರೆದವರ ಕಿವಿಯನ್ನು ಮೊದಲು ಪರೀಕ್ಷಿಸಬೇಕು ಎಂದು ಈಗ ಅನ್ನಿಸುತ್ತದೆ.

ಈಗ ನನ್ನ ವಾದಕ್ಕೆ ಬರುತ್ತೇನೆ. ಬರಹವೂ ಮಾಡುವಿಕೆಯೇ ಆದರೆ, ಮಾಡುವಿಕೆಗಿರುವ ಕಟ್ಟುಪಾಡು ಬರಹಕ್ಕೂ ಇರಬೇಕು. ಕೋಲಿಗೆ ತನ್ನದೇ ಹಟವಿದೆ. ತಪ್ಪಿದರೆ ಸೀಳುತ್ತದೆ, ಆ ತಪ್ಪು ಎಲ್ಲರಿಗೂ ಕಾಣುತ್ತದೆ. ಕುರ್ಚಿಯ ಮೇಲೆ ಒಬ್ಬರು ಕೂರುತ್ತಾರೆ. ಅದು ಭಾರ ತಾಳಬೇಕು. ನನ್ನ ಟಿಪ್ಪಣಿಗೆ ಇಂಥ ಯಾವ ಪರೀಕ್ಷೆ ಇತ್ತು? ಅದನ್ನು ಲಂಟಾನದ ಜಿಂಕೆಯ ಪಕ್ಕದಿಂದ ಕಿತ್ತು ಬಿದಿರಿನ ನವಿಲಿನ ಪಕ್ಕ ಅಂಟಿಸಿದ್ದರೂ ಒಂದಕ್ಷರ ಬದಲಿಸಬೇಕಾಗಿರಲಿಲ್ಲ. ಪ್ಲಾಸ್ಟಿಕ್ ಬಾಟಲಿಗಳಿಂದ ಮಾಡಿದ ಮೀನಿನ ಪಕ್ಕದಲ್ಲೂ ನಡೆಯುತ್ತಿತ್ತು. ಯಾವ ಕೃತಿಯ ಪಕ್ಕದಲ್ಲಿಟ್ಟರೂ ಒಗ್ಗುವ ಬರಹ ಯಾವ ಕೃತಿಯನ್ನೂ ನೋಡದೆ ಬರೆದದ್ದು. ಓದುಗರು ಮುಂದಿನ ಸಲ ಗ್ಯಾಲರಿಗೆ ಹೋದಾಗ ಈ ಪರೀಕ್ಷೆಯನ್ನು ಮಾಡಿ ನೋಡಬಹುದು. ಎರಡು ಕೃತಿಗಳ ಟಿಪ್ಪಣಿಗಳನ್ನು ಮನಸ್ಸಿನಲ್ಲೇ ಅದಲುಬದಲು ಮಾಡಿ. ಏನೂ ಕೆಡದಿದ್ದರೆ ಎರಡನ್ನೂ ಯಾರೂ ‘ಮಾಡಿಲ್ಲ’.

ಇದರಲ್ಲಿ ಆಗುವ ಅನ್ಯಾಯ ಬರಿಯ ಸೌಂದರ್ಯದ್ದಲ್ಲ. ಈಗ ಒಂದು ಅನುದಾನಕ್ಕೆ ಅರ್ಜಿ ಹಾಕಬೇಕಾದರೆ, ಒಂದು ರೆಸಿಡೆನ್ಸಿಗೆ ಹೋಗಬೇಕಾದರೆ, ಮೊದಲು ಕೇಳುವುದು ಕಾನ್ಸೆಪ್ಟ್ ನೋಟು. ಆಮೇಲೆ ಆರ್ಟಿಸ್ಟ್ ಸ್ಟೇಟ್‌ಮೆಂಟು. ಮಾಡುವುದಕ್ಕೆ ಮುಂಚೆಯೇ ಏನು ಮಾಡುತ್ತೇನೆ, ಏಕೆ ಮಾಡುತ್ತೇನೆ, ಅದು ಯಾವ ಚರ್ಚೆಗೆ ಸೇರುತ್ತದೆ ಎಂದು ಬರೆಯಬೇಕು, ಬಹುಪಾಲು ಇಂಗ್ಲಿಷಿನಲ್ಲಿ. ಇಷ್ಟನ್ನು ಬರೆಯಬಲ್ಲವರು ಕಲಾವಿದರು. ಬರೆಯಲಾರದವರು ಅದೇ ಯೋಜನೆಯ ಆಯವ್ಯಯ ಪಟ್ಟಿಯಲ್ಲಿ ‘ಕೂಲಿ’ ಎಂಬ ಸಾಲಿನಲ್ಲಿ ಬರುತ್ತಾರೆ, ಸಾಗಾಣಿಕೆಯ ಮೇಲೆ, ಊಟೋಪಚಾರದ ಕೆಳಗೆ. ಕಲಾವಿದ ಮತ್ತು ಕುಶಲಕರ್ಮಿ ಎಂಬ ಎರಡು ಜಾತಿಗಳ ನಡುವಿನ ಗೆರೆಯನ್ನು ಕೌಶಲ ಎಳೆದಿಲ್ಲ, ಪ್ರತಿಭೆ ಎಳೆದಿಲ್ಲ. ಎಳೆದಿರುವುದು ಒಂದು ಎ-ಫೋರ್ ಹಾಳೆ.

ಲಂಟಾನದ ಆನೆಗಳ ಬಗ್ಗೆ ಕೇಳದವರು ಕಡಿಮೆ. ನೀಲಗಿರಿಯ ಗೂಡಲೂರಿನ ಸುತ್ತ ಬೆಟ್ಟಕುರುಂಬ, ಪಣಿಯ, ಕಾಟ್ಟುನಾಯಕ, ಸೋಲಿಗ ಸಮುದಾಯದವರು ಕಬ್ಬಿಣದ ಚೌಕಟ್ಟಿನ ಮೇಲೆ ಲಂಟಾನದ ಕೋಲು ಬಗ್ಗಿಸಿ ಮಾಡಿದ ಆಳೆತ್ತರದ, ಆನೆಯೆತ್ತರದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತವು, 2024ರ ಫೆಬ್ರವರಿಯಲ್ಲಿ ನಮ್ಮ ಲಾಲ್‌ಬಾಗಿಗೆ ಬಂದವು, ಅದೇ ವರ್ಷ ನ್ಯೂಯಾರ್ಕಿನವರೆಗೂ ಹೋದವು. ಲಾಲ್‌ಬಾಗಿನಲ್ಲಿ ನಾನೂ ಎರಡು ದಿನ ಅವುಗಳ ನಡುವೆ ತಿರುಗಿದೆ. ಬೆರಗು ಹುಟ್ಟಿಸುವ ಕೆಲಸ. ಕಾಡಿನಲ್ಲಿ ಓಡಾಡುವ ನಿಜವಾದ ಆನೆಗಳನ್ನೇ ಮಾದರಿಯಾಗಿಟ್ಟುಕೊಂಡು ಮಾಡಿದ್ದರಿಂದ ಒಂದರ ನಿಲುವು ಇನ್ನೊಂದಕ್ಕಿಲ್ಲ. ಮಾಡಿದವರಿಗೆ ದುಡಿಮೆ ಸಿಕ್ಕಿದೆ, ಕಾಡಿನಿಂದ ಒಂದಿಷ್ಟು ಲಂಟಾನ ಹೊರಬಿದ್ದಿದೆ. ಆ ಯೋಜನೆಯ ಮೇಲೆ ನನ್ನ ದೂರಿಲ್ಲ. ನನ್ನ ದೂರು ಅದನ್ನು ನೋಡಿ ಬಂದು ಬರೆದ ನಮ್ಮ ಮೇಲೆ. ಮಾನವ-ಪ್ರಾಣಿ ಸಂಘರ್ಷ, ಸಹಬಾಳ್ವೆ, ಸುಸ್ಥಿರತೆ ಎಲ್ಲ ಬರೆದೆವು. ಸೊಂಡಿಲು ತುದಿಯಲ್ಲಿ ಅಷ್ಟು ಸಣ್ಣಗೆ ಸುತ್ತಿಕೊಂಡದ್ದು ಹೇಗೆ, ಅಲ್ಲಿಗೆ ಎಂಥ ಕೋಲು ಆರಿಸಿದರು, ಕಿವಿಯ ಅಗಲಕ್ಕೆ ಕೋಲನ್ನು ಹೇಗೆ ಜೋಡಿಸಿದರು ಎಂದು ಯಾರೂ ಕೇಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ಒಬ್ಬ ಆಟೋ ಚಾಲಕರು ಮಾತ್ರ ಬಗ್ಗಿ ಆನೆಯ ಹೊಟ್ಟೆಯ ಕೆಳಗೆ ಕಣ್ಣು ಹಾಯಿಸಿ, “ಮೊಳೆ ಎಲ್ಲಿ ಹೊಡ್ದವ್ರೆ ನೋಡ್ಬೇಕು” ಎಂದರು. ಆ ದಿನ ಅಲ್ಲಿದ್ದ ಒಳ್ಳೆಯ ಕಲಾವಿಮರ್ಶಕ ಅವರೊಬ್ಬರೇ.

ಮೊಳೆ ಎಲ್ಲಿದೆ ಎಂದು ನೋಡುವವರಿಗೆ ಲಂಟಾನ ಎಲ್ಲಿಂದ ಬಂತು ಎಂಬುದೂ ಕಾಣುತ್ತದೆ. ಅಮೆರಿಕದ ಉಷ್ಣವಲಯದ ಈ ಗಿಡ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಹೂವಿನ ಅಲಂಕಾರಕ್ಕೆಂದು ಬಂತು. ಇವತ್ತು ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ದಾರಿ ಬಿಟ್ಟು ಹತ್ತು ಹೆಜ್ಜೆ ಇಡಲು ಬಿಡುವುದಿಲ್ಲ. 1997ರಿಂದ 2008ರ ನಡುವೆ ಇಲ್ಲಿ ಅದರ ಹರಡುವಿಕೆ ಹೆಚ್ಚುಕಡಿಮೆ ಇಮ್ಮಡಿಯಾಯಿತು ಎಂದು ಅಳೆದು ನೋಡಿದವರು ಬರೆದಿದ್ದಾರೆ. ಏಕೆ ಎಂದು ಸೋಲಿಗರನ್ನು ಕೇಳಿದರೆ ತರಗು ಬೆಂಕಿಯ ಮಾತು ಬರುತ್ತದೆ. ಬೇಸಿಗೆಯ ಮೊದಲಿಗೆ, ತರಗೆಲೆ ಅರೆಬರೆ ಒಣಗಿರುವಾಗ, ನೆಲಮಟ್ಟದಲ್ಲಿ ಓಡಿ ಆರಿಹೋಗುವ ಸಣ್ಣ ಬೆಂಕಿಯನ್ನು ಅವರ ಹಿರಿಯರು ಹಾಕುತ್ತಿದ್ದರು. 1974ರಲ್ಲಿ ಇದು ವನ್ಯಧಾಮವಾಯಿತು, ಬೆಂಕಿ ಅಪರಾಧವಾಯಿತು. ಕಾಡಿನೊಳಗಿನ ಪೋಡುಗಳು ಅಂಚಿಗೆ ಸರಿದವು. ಬೆಂಕಿ ನಿಂತ ಮೇಲೆಯೇ ಲಂಟಾನ ಎದ್ದಿತು, ನೆಲ್ಲಿ ಮರಗಳ ಮೇಲೆ ಬಂದಣಿಕೆ ಹೆಚ್ಚಿತು ಎಂಬುದು ಅವರ ವಿವರಣೆ. ಬಹಳ ವರ್ಷ ಇದು ಕಾಡಿನವರ ಗೊಣಗಾಟವಷ್ಟೇ ಆಗಿತ್ತು. 2010 ಮತ್ತು 2012ರಲ್ಲಿ ವಿಜ್ಞಾನದ ಪತ್ರಿಕೆಗಳಲ್ಲಿ ಪ್ರಬಂಧಗಳಾಗಿ ಬಂದ ಮೇಲೆ ಅದೇ ಗೊಣಗಾಟ ಪರಿಶೀಲಿಸಬೇಕಾದ ಜ್ಞಾನವಾಯಿತು.

ಹಾಗಾಗಿ ಲಂಟಾನವನ್ನು ಸೋಲಿಗರು ‘ಮಾಧ್ಯಮವಾಗಿ ಆಯ್ದುಕೊಂಡರು’ ಎಂದು ನಾವು ಬರೆಯುವುದು ಅರ್ಧಸತ್ಯವೂ ಅಲ್ಲ. ಕಾಡಿನ ಬಿದಿರು ಕೈಗೆ ಸಿಗುವುದು ಕಷ್ಟವಾದ ಮೇಲೆ, ಕಡಿದರೆ ಯಾರೂ ಕೇಸು ಹಾಕದ ಒಂದೇ ಗಿಡವಾಗಿ ಲಂಟಾನ ಉಳಿಯಿತು. ಬೆಂಗಳೂರಿನ ಏಟ್ರೀ ಸಂಸ್ಥೆಯವರು ಮಲೆ ಮಹದೇಶ್ವರ ಬೆಟ್ಟದ ಸುತ್ತಮುತ್ತ ಈ ಕೆಲಸದ ತರಬೇತಿ ಶುರುಮಾಡಿ ಬಹಳ ವರ್ಷವಾಯಿತು. ಆ ಕುರ್ಚಿಯ ಹಿಂದೆ ಒಂದು ಕಾಯ್ದೆ ಇದೆ, ಆರಿಸಿದ ಒಂದು ಬೆಂಕಿ ಇದೆ, ಬಿಟ್ಟುಬಂದ ಒಂದು ಪೋಡು ಇದೆ. ಕಲಾವಿದೆಯೊಬ್ಬಳು ಸ್ಟುಡಿಯೋದಲ್ಲಿ ಕೂತು ಮಣ್ಣೋ ಕಂಚೋ ಎಂದು ಯೋಚಿಸುವ ಹಾಗಲ್ಲ ಇದು. ಈ ಚರಿತ್ರೆಯನ್ನು ಕೋಲು ತಾನಾಗಿ ಹೇಳುವುದಿಲ್ಲ. ಬರೆಯಬೇಕಾದದ್ದು ಇಲ್ಲಿ, ಬರಹ ಭಾರ ಹೊರಬೇಕಾದದ್ದು ಇಲ್ಲಿ. ನಾವು ಇಲ್ಲಿಗೆ ಬಂದಾಗ ‘ಪುನರ್‌ವ್ಯಾಖ್ಯಾನ’ ಎಂದು ಬರೆದು ಚಹಾಕ್ಕೆ ಹೋಗುತ್ತೇವೆ.

ನನ್ನ ಸಹಪಾಠಿಯೊಬ್ಬರು ಈ ಲೇಖನದ ಕರಡನ್ನು ಓದಿ ಒಂದು ಆಕ್ಷೇಪ ಎತ್ತಿದರು. ನೀನು ಬರಹವನ್ನು ತುಳಿದು ಕೈಕೆಲಸವನ್ನು ದೇವರಕೋಣೆಯಲ್ಲಿ ಕೂರಿಸುತ್ತಿದ್ದೀಯ, ಇದೂ ಒಂದು ಬಗೆಯ ಕಾಡಿನ ಮೋಹವೇ ಎಂದರು. ಆಕ್ಷೇಪ ಸರಿಯಾದದ್ದೇ. ಏಕೆಂದರೆ ‘ಕೈ ತಾನೇ ಮಾತಾಡುತ್ತದೆ, ಮಾಡುವವರಿಗೆ ಬರಹ ಏತಕ್ಕೆ’ ಎನ್ನುವ ಇನ್ನೊಂದು ಗುಂಪಿದೆ, ಅವರು ಮೊದಲ ಗುಂಪಿಗಿಂತ ಅಪಾಯಕಾರಿ. ಮಾಡುವವರು ಮುಗ್ಧರು, ಬರೆದರೆ ಕೆಡುತ್ತಾರೆ ಎಂದು ಹೇಳುತ್ತಾ ಅವರನ್ನು ಕರಾರುಪತ್ರದಿಂದ, ಹೆಸರಿನಿಂದ, ಹಣದಿಂದ ದೂರ ಇಡಲು ಈ ಗುಂಪಿಗೆ ಬಹಳ ಅನುಕೂಲ.

ಬಿಳಿಗಿರಿರಂಗನ ಬೆಟ್ಟದಲ್ಲೇ ಇದಕ್ಕೆ ಉತ್ತರವಿದೆ. 2011ರ ಜನವರಿಯಲ್ಲಿ ಈ ಕಾಡನ್ನು ಹುಲಿ ಮೀಸಲು ಎಂದು ಘೋಷಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಮೀಸಲಿನೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ದೊಡ್ಡ ಸುದ್ದಿ. ಅದು ಹಾಡಿನಿಂದ ಸಿಗಲಿಲ್ಲ, ಅರ್ಜಿ ತುಂಬಿ, ನಕ್ಷೆ ಬರೆದು, ದೇವರ ಜಾಗಗಳನ್ನು ಒಂದೊಂದಾಗಿ ಗುರುತಿಸಿ, ಸಭೆಯ ನಡಾವಳಿ ಬರೆದು ಸಿಕ್ಕಿತು. ಸೋಲಿಗರಲ್ಲೇ ಸಂಶೋಧಕರಾದ ಡಾ. ಸಿ. ಮಾದೇಗೌಡರು ತಮ್ಮ ಜನರ ಅರಣ್ಯಜ್ಞಾನದ ಬಗ್ಗೆ 2009ರಲ್ಲೇ ‘ಎಕನಾಮಿಕ್ ಆ್ಯಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಬರೆದಿದ್ದರು. ಆ ಬರಹಗಳು ಕುರ್ಚಿಯ ಹಾಗೆ ಭಾರ ತಾಳಿದವು. ಒಂದು ತಪ್ಪು ಸರ್ವೆ ನಂಬರು ಬಿದ್ದರೆ ಅರ್ಜಿ ಗಿಣ್ಣಿನಲ್ಲಿ ಸೀಳುತ್ತಿತ್ತು. ಬರಹ ಮಾಡುವಿಕೆಯಾಗುವುದು ಎಂದರೆ ನನ್ನ ಮಟ್ಟಿಗೆ ಇದು.

ಇನ್ನೂ ಕುತೂಹಲದ್ದೆಂದರೆ ಆ ಕಾನೂನಿನ ಒಳಗೇ ಇದೆ. ಅರಣ್ಯ ಹಕ್ಕು ನಿಯಮಗಳ 13ನೇ ನಿಯಮ ಯಾವ ಯಾವುದನ್ನು ಸಾಕ್ಷ್ಯವೆಂದು ಒಪ್ಪಬಹುದು ಎಂದು ಪಟ್ಟಿ ಮಾಡುತ್ತದೆ. ಸರ್ಕಾರಿ ಕಾಗದಗಳಿವೆ ಸರಿ. ಜೊತೆಗೆ ಮನೆ, ಗುಡಿಸಲು, ಸಮಮಾಡಿದ ನೆಲ, ಕಟ್ಟಿದ ಬದು, ಬಾವಿ, ಸಮಾಧಿ, ದೇವರ ಜಾಗ ಎಲ್ಲವೂ ಇವೆ. ಹಿರಿಯರ ಮಾತನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಅಂದರೆ ಕೈಯಿಂದ ಮಾಡಿದ ಒಂದು ಬದು, ಪೇಪರಿನ ಪಕ್ಕದಲ್ಲಿ ಸರಿಸಮನಾಗಿ ಕೂತು ಮಾತಾಡಬಹುದು. ಈ ದೇಶದ ಕಂದಾಯ ಕಚೇರಿಯ ಮುಂದೆ ಒಂದು ಬದುವಿಗೆ ಇರುವ ಮಾನ್ಯತೆ ನಮ್ಮ ಕಲಾಸಂಸ್ಥೆಗಳ ಆಯ್ಕೆ ಸಮಿತಿಯ ಮುಂದೆ ಒಂದು ಬುಟ್ಟಿಗಿಲ್ಲ. ಬುಟ್ಟಿ ಬರಲಿ, ಆದರೆ ಜೊತೆಗೆ ಐನೂರು ಪದ ಬರಲಿ ಎನ್ನುತ್ತಾರೆ. (ನಿಯಮ ಜಾರಿಯಾಗುವ ರೀತಿ ಬೇರೆಯೇ ಕಥೆ, ಅದನ್ನು ಬರೆಯಲು ನನಗಿಂತ ಬಲ್ಲವರಿದ್ದಾರೆ.)

ಬರೆಯುವವರು ಒಬ್ಬರು, ಮಾಡುವವರು ಇನ್ನೊಬ್ಬರು ಎಂಬುದು ಕನ್ನಡಕ್ಕೆ ಸಹಜವಾದದ್ದೂ ಅಲ್ಲ. ವಚನಕಾರರ ಹೆಸರುಗಳನ್ನೇ ನೋಡಿ. ಮೇದರ ಕೇತಯ್ಯ ಬುಟ್ಟಿ ಹೆಣೆದವರು, ನುಲಿಯ ಚಂದಯ್ಯ ಹಗ್ಗ ಹೊಸೆದವರು, ಜೇಡರ ದಾಸಿಮಯ್ಯ ನೇಯ್ದವರು. ಕಸುಬು ಹೆಸರಿನ ಮುಂದೆಯೇ ನಿಂತಿದೆ. ಕೇತಯ್ಯ ಬಿದಿರಿನ ಕೆಲಸದ ಪದಗಳನ್ನು ವಚನಕ್ಕೆ ತಂದರೆ ನಮ್ಮ ತರಗತಿಗಳಲ್ಲಿ ಅದನ್ನು ‘ರೂಪಕ’ ಎಂದು ಕಲಿಸುತ್ತಾರೆ, ಪರೀಕ್ಷೆಯಲ್ಲಿ ನಾನೂ ಹಾಗೆಯೇ ಬರೆದು ಅಂಕ ತೆಗೆದುಕೊಂಡಿದ್ದೇನೆ. ಬೆಳಗಿನಿಂದ ಬಿದಿರು ಸೀಳಿದವನಿಗೆ ಬಿದಿರು ರೂಪಕವಾಗಿತ್ತೆಂದು ಹೇಳಲು ಬಿದಿರು ಸೀಳದವರಿಗೆ ಮಾತ್ರ ಧೈರ್ಯ ಬಂದೀತು. ಯಳಂದೂರಿನವಳೆಂದು ನಾವು ಹೆಮ್ಮೆಪಡುವ, ‘ಹದಿಬದೆಯ ಧರ್ಮ’ ಬರೆದ ಹೊನ್ನಮ್ಮನ ಹೆಸರಿನ ಮುಂದೆಯೂ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಅವಳು ಹಿಡಿದ ಎಲೆಯಡಿಕೆಯ ಸಂಚಿ ಇದೆ. ಕಾವೇರಿಯ ಆಚೆ ದಡಕ್ಕೆ ಹೋದರೆ ಸೋಮನಾಥಪುರ. ಹದಿಮೂರನೇ ಶತಮಾನದ ಆ ದೇವಾಲಯದಲ್ಲಿ ಹತ್ತಾರು ವಿಗ್ರಹಗಳ ಕೆಳಗೆ ಮಲ್ಲಿತಮ್ಮ ತನ್ನ ಹೆಸರು ಕೊರೆದಿದ್ದಾನೆ. ಬೇರೆ ರೂವಾರಿಗಳ ಹೆಸರುಗಳೂ ಇವೆ. ಮಾಡಿದ ಉಳಿಯಿಂದಲೇ ಬರೆದದ್ದು. ಅದರ ಪಕ್ಕದಲ್ಲಿ ಯಾರ ಕಾನ್ಸೆಪ್ಟ್ ನೋಟೂ ಉಳಿದುಬಂದಿಲ್ಲ. ಎಂಟುನೂರು ವರ್ಷಗಳ ಹಿಂದೆ ಒಬ್ಬ ಶಿಲ್ಪಿಗೆ ಇದ್ದ ಜಾಗ 2020ರ ದಶಕದ ಬೆಂಗಳೂರಿನ ಗೋಡೆಯ ಚೀಟಿಯಲ್ಲಿ ಒಬ್ಬ ಸೋಲಿಗ ಹೆಂಗಸಿಗೆ ಇಲ್ಲ ಎಂಬುದನ್ನು ಆಧುನಿಕತೆ ಎಂದು ಕರೆಯುವುದಾದರೆ ಕರೆಯಲಿ.

ಹೆಸರು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಬೆಟ್ಟದ ಮೇಲೆಯೇ ಉದಾಹರಣೆ ಇದೆ. ರಂಗನಾಥಸ್ವಾಮಿಗೆ ಎರಡು ವರ್ಷಕ್ಕೊಮ್ಮೆ ಚರ್ಮದ ದೊಡ್ಡ ಪಾದರಕ್ಷೆ ಒಪ್ಪಿಸುವ ಸಂಪ್ರದಾಯವಿದೆ, ಉದ್ದ ಒಂದು ಅಡಿ ಒಂಬತ್ತು ಅಂಗುಲ. ಸ್ವಾಮಿ ಅದನ್ನು ಮೆಟ್ಟಿ ಕಾಡು ಸುತ್ತುವುದರಿಂದ ಸವೆಯುತ್ತದೆ ಎಂದು ನಂಬಿಕೆ. ಸೋಲಿಗರ ಕುಸುಮಾಲೆಯನ್ನು ಮದುವೆಯಾದ ರಂಗ ಅವರಿಗೆ ಭಾವ. ಹಾಗಾಗಿ ಮೆಟ್ಟು ಮಾಡುವವರು ಸೋಲಿಗರು ಎಂದು ಪ್ರವಾಸದ ಬರಹಗಳಲ್ಲಿ ಓದುತ್ತೇವೆ. ಬೇರೆ ಬರಹಗಳಲ್ಲಿ ಬೂದಿತಿಟ್ಟಿನ ಚರ್ಮ ಹೊಲಿಯುವ ಸಮುದಾಯದವರು ಎಂದಿದೆ. ಪಾದರಕ್ಷೆಯ ಉದ್ದವನ್ನು ಅಂಗುಲದವರೆಗೆ ಅಳೆದ ಬರಹಕ್ಕೆ ಅದನ್ನು ಹೊಲಿದ ಕೈ ಯಾರದೆಂದು ಹೇಳುವಾಗ ಒಮ್ಮತವಿಲ್ಲ. ಕಾಡಿನವರು ಮಾಡಿದರೆಂದರೆ ಕಥೆ ಚೆಂದ. ಚರ್ಮದ ಕೆಲಸದವರು ಎಂದರೆ ಜಾತಿಯ ಮಾತು ಎತ್ತಬೇಕಾಗುತ್ತದೆ. ಬರಹ ಚೆಂದದ ಕಡೆಗೆ ವಾಲುತ್ತದೆ. ಇಲ್ಲಿ ವಾಲಿದ್ದು ಬರಿಯ ಅಲಂಕಾರವಲ್ಲ, ಒಂದು ಊರಿನವರ ಹಕ್ಕು.

ವಿಜ್ಞಾನಿಗಳೂ ಒಂದು ಹೆಸರು ಕೊಟ್ಟಿದ್ದಾರೆ. ಇದೇ ಕಾಡಿನಲ್ಲಿ ಸಿಕ್ಕ ಒಂದು ಹೊಸ ಕಣಜದ ಕುಲಕ್ಕೆ ‘ಸೋಲಿಗ’ ಎಂದೇ ಇಟ್ಟಿದ್ದಾರೆ. ಪ್ರೀತಿಯಿಂದ ಇಟ್ಟದ್ದೇ. ಆದರೂ ಯೋಚಿಸಿ: ಇಡೀ ಸಮುದಾಯದ ಹೆಸರು ಕಣಜಕ್ಕಿದೆ, ಕುರ್ಚಿ ಮಾಡಿದ ಒಬ್ಬಾಕೆಯ ಹೆಸರು ಕುರ್ಚಿಗಿಲ್ಲ.

ಬರೆಯುತ್ತಲೇ ಮಾಡುವವರ ಪಕ್ಕ ನಿಂತವರು ನಮ್ಮಲ್ಲಿ ಇಲ್ಲವೆಂದಲ್ಲ. ಹೆಗ್ಗೋಡಿನ ಬಳಿ 1996ರಲ್ಲಿ ‘ಚರಕ’ ಕಟ್ಟಿದ ಪ್ರಸನ್ನ ‘ಯಂತ್ರಗಳನ್ನು ಕಳಚೋಣ ಬನ್ನಿ’ ಎಂಬ ಪುಸ್ತಕವನ್ನೂ ಬರೆದರು, 2017ರಲ್ಲಿ ಕೈ ಉತ್ಪನ್ನಗಳ ಮೇಲೆ ತೆರಿಗೆ ಬೇಡ ಎಂದು ಉಪವಾಸವನ್ನೂ ಕೂತರು. ಅವರ ಎಲ್ಲ ವಾದಗಳೂ ನನಗೆ ಒಪ್ಪಿಗೆಯಿಲ್ಲ, ಯಂತ್ರದ ಮೇಲಿನ ಅವರ ಸಿಟ್ಟು ನನಗೆ ಅತಿ ಎನಿಸುತ್ತದೆ. ಆದರೆ ಅಲ್ಲಿ ಬರಹ ಮಗ್ಗದ ಮಾಲೀಕನಾಗಿ ಕೂತಿಲ್ಲ, ಮಗ್ಗದ ಪರವಾಗಿ ಬೀದಿಗೆ ಇಳಿದಿದೆ.

ಹಾಗಾದರೆ ಏನು ಮಾಡಬೇಕು ಎಂದು ಕೇಳುವ ಹಕ್ಕು ಓದುಗರಿಗಿದೆ. ನನಗೆ ಬೇಕಾದದ್ದು ಬಹಳ ಸಣ್ಣದು. ಮಾಡಿದವರ ಹೆಸರು ಕಲಾವಿದರ ಜಾಗದಲ್ಲಿ ಬರಲಿ, ವಿನ್ಯಾಸ ಮಾಡಿದವರು ‘ವಿನ್ಯಾಸ’ ಎಂದು ಪಕ್ಕದಲ್ಲಿರಲಿ. ಸಿನಿಮಾದಲ್ಲಿ ಬೆಳಕು ಹಿಡಿದವರ ಹೆಸರೂ ಬರುತ್ತದೆ, ಗ್ಯಾಲರಿಯ ಗೋಡೆಗೆ ಅಷ್ಟು ಜಾಗವಿಲ್ಲವೆ? ಅನುದಾನದ ಅರ್ಜಿಯಲ್ಲಿ ಕಾನ್ಸೆಪ್ಟ್ ನೋಟಿನ ಬದಲು ಮಾಡಿದ ಒಂದು ವಸ್ತುವನ್ನೋ, ತಮ್ಮ ನುಡಿಯಲ್ಲಿ ಹತ್ತು ನಿಮಿಷ ಆಡಿದ ಮಾತಿನ ಧ್ವನಿಮುದ್ರಣವನ್ನೋ ಕೊಡಲು ಅವಕಾಶವಿರಲಿ. ಮತ್ತು ಟಿಪ್ಪಣಿ ಬರೆಯುವವರಿಗೆ ಕೊಡುವ ಹಣ ಮಾಡುವವರ ದಿನಗೂಲಿಯ ದರಕ್ಕೇ ಇರಲಿ. ಒಂದು ಸಂಜೆಯಲ್ಲಿ ಬರೆದರೆ ಅರ್ಧ ದಿನದ ಕೂಲಿ. ಕೊನೆಯದನ್ನು ಹೇಳಿದಾಗ ಸ್ನೇಹಿತರು ನಕ್ಕರು. ನಾನು ನಗಿಸಲು ಹೇಳಿರಲಿಲ್ಲ.

ಕಳೆದ ವರ್ಷ ಅದೇ ಪೋಡಿನ ಕೆಲಸಗಳ ಇನ್ನೊಂದು ಪ್ರದರ್ಶನಕ್ಕೆ ಬೇರೊಬ್ಬರು ಟಿಪ್ಪಣಿ ಕೇಳಿದರು. ಈ ಸಲ ಬರೆದದ್ದು ಹೀಗಿತ್ತು: ಎಷ್ಟು ಕೋಲು, ಯಾವ ತಿಂಗಳು ಕಡಿದದ್ದು, ಎಷ್ಟು ಹೊತ್ತು ಬೇಯಿಸಿದ್ದು, ನೀರು ಎಲ್ಲಿಂದ ಹೊತ್ತದ್ದು, ಯಾವ ಕಾಲು ಎರಡು ಸಲ ಸೀಳಿ ಮೂರನೇ ಸಲ ನಿಂತಿತು, ಬಿದಿರು ಏಕೆ ಅಲ್ಲ. ಕೆಳಗೆ ನಾಲ್ವರ ಹೆಸರು. ಸಂಘಟಕರು ಓದಿ, ಚೆನ್ನಾಗಿದೆ, ಆದರೆ ಇದರಲ್ಲಿ ‘ಒಳನೋಟ’ ಇಲ್ಲವಲ್ಲ ಎಂದರು. ಎರಡು ಸಾಲು ಉಳಿಸಿಕೊಂಡು ಮಿಕ್ಕದ್ದನ್ನು ಕತ್ತರಿಸಿದರು. ಹೆಸರುಗಳು ಉಳಿದವು, ಅಕ್ಷರ ಚಿಕ್ಕದಾಯಿತು.

ಹೆಸರು ಹಾಕುವ ಮೊದಲು ಆ ಹಿರಿಯರನ್ನು ಕೇಳಿದ್ದೆ. ಇಲ್ಲಿ ಈ ಲೇಖನದಲ್ಲೂ ಹಾಕಲೇ ಎಂದು ಕೇಳಿದೆ. “ನನ್ ಹೆಸ್ರ ನಿನ್ ಕಾಗ್ದುದ್ ಮ್ಯಾಲ ಬರ್ದ್ರ ಯಾನ ಬಂತು? ಆ ಕುರ್ಚಿ ಮ್ಯಾಲ ಬರಿ” ಎಂದರು. ಹಾಗಾಗಿ ಇಲ್ಲಿ ಬರೆದಿಲ್ಲ. ಕುರ್ಚಿ ಈಗ ಯಾರದೋ ಮನೆಯಲ್ಲಿದೆ. ಕೊಂಡವರ ವಿಳಾಸವನ್ನು ಗ್ಯಾಲರಿಯವರು ಕೊಡುವುದಿಲ್ಲ. ಮಾರ್ಚಿನಲ್ಲಿ ಮತ್ತೆ ಹೋಗುತ್ತಿದ್ದೇನೆ. ಪ್ರಬಂಧದ ಮೂರನೇ ಅಧ್ಯಾಯವನ್ನು ಜಗಲಿಯಲ್ಲಿ ಕೂತು ಓದಿ ಹೇಳಬೇಕು, ಎಲ್ಲಿ ಸೀಳಿದೆ ಎಂದು ಅವರು ತೋರಿಸುತ್ತಾರೆ. ಒಂದು ಕಾಲು ಗಿಡ್ಡವಾದ ನನ್ನ ಸ್ಟೂಲು ಅಲ್ಲೇ ಇದೆ, ಅದರ ಮೇಲೆ ಕೋಳಿ ಮಲಗುತ್ತದಂತೆ.